ಎ ಲೆವೆಲ್‌ನ ಮೂರನೇ ವಿಷಯ: ಹಿಸ್ಟರಿಯೋ, ಜಿಯಾಗ್ರಫಿಯೋ, ಲಿಟರೇಚರೋ?

ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್‌ನಲ್ಲಿ, ಅಂದರೆ ನಮ್ಮ ಪಿಯುಸಿಯಂಥ ಹಂತದಲ್ಲಿ, ಎ ಲೆವೆಲ್ ಪರೀಕ್ಷೆಗೆ ಓದುತ್ತಾರೆ; ಸಾಮಾನ್ಯವಾಗಿ ಮೂರೇ ವಿಷಯ, ಎರಡು ವರ್ಷ. ನಿಮ್ಮ ಮಗಳು ಗಣಿತ, ಎಕನಾಮಿಕ್ಸ್ ಆಗಲೇ ಆರಿಸಿದ್ದಾಳೆ, ಮೂರನೆಯದು ಹಿಸ್ಟರಿಯೋ, ಜಿಯಾಗ್ರಫಿಯೋ, ಇಂಗ್ಲಿಷ್ ಲಿಟರೇಚರೋ ಅಂತ ಕೇಳಿದಿರಿ. ಹಾಗಾಗಿ ಮೂರನೆಯದನ್ನು ಯೋಚಿಸಿಯೇ ಆರಿಸಬೇಕು.

ಮೊದಲು ಕೆಲಸದ ಹೊರೆ. ಈ ಮೂರು ಆಯ್ಕೆಗಳಲ್ಲೂ 20% ಅಂಕ ಕೋರ್ಸ್‌ವರ್ಕ್‌ಗೆ (ಪರೀಕ್ಷೆಯ ಹೊರಗೆ ತಾನೇ ಬರೆದು ಕೊಡುವ ಕೆಲಸ), ಉಳಿದದ್ದು ಪರೀಕ್ಷೆಗೆ. ಆದರೆ ಕೆಲಸದ ರೀತಿ ಬೇರೆ. ಹಿಸ್ಟರಿಯಲ್ಲಿ ಇಸವಿ ಬಾಯಿಪಾಠ ಮಾಡಿದರೆ ಸಾಲದು. ಒಂದೇ ಘಟನೆಯನ್ನು ಇತಿಹಾಸಕಾರರು ಯಾಕೆ ಬೇರೆ ಬೇರೆಯಾಗಿ ನೋಡುತ್ತಾರೆ ಅಂತ ತೂಗಿ, ತನ್ನ ವಾದ ಕಟ್ಟಬೇಕು. ಒಟ್ಟು ಪಠ್ಯದ ಹರವು ಕನಿಷ್ಠ 200 ವರ್ಷ. ಓದು, ಬರವಣಿಗೆ ಎರಡೂ ಜಾಸ್ತಿ. ವಾದ ಮಾಡೋದು ಅವಳಿಗೆ ಇಷ್ಟ ಅಲ್ವಾ? ಹಾಗಿದ್ದರೆ ಈ ಕಷ್ಟ ಅವಳಿಗೆ ಖುಷಿಯೇ ಕೊಡುತ್ತದೆ.

ಲಿಟರೇಚರ್‌ನಲ್ಲಿ ಕನಿಷ್ಠ 8 ಕೃತಿ. ಸುಮ್ನೆ ಕೂತು ಕಾದಂಬರಿ ಓದುವವರಿಗೆ ಸರಿ.

ಜಿಯಾಗ್ರಫಿಯಲ್ಲಿ ಕನಿಷ್ಠ 4 ದಿನ ಹೊರಗಿನ ಅಧ್ಯಯನ ಇರುತ್ತದೆ. ನದಿ, ಕರಾವಳಿ, ನಗರ ಅಂತ ಹೋಗಿ ತಾನೇ ಅಂಕಿಅಂಶ ಸಂಗ್ರಹಿಸಬೇಕು. ಅವಳ ಗಣಿತ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಪ್ರಬಂಧದ ಭಾರವೂ ಸ್ವಲ್ಪ ಕಡಿಮೆ. ಪ್ರವಾಸಕ್ಕೆ ಮನೆಯಿಂದ ದುಡ್ಡು ಕೊಡಬೇಕಾ ಅಂತ ಶಾಲೆಯಲ್ಲಿ ಕೇಳಿ.

ಮುಂದಿನ ದಾರಿ? ಇಂಗ್ಲಿಷ್ ಪದವಿಗೆ ಬಹುತೇಕ ಕಡೆ ಲಿಟರೇಚರ್ ಕೇಳುತ್ತಾರೆ. ಕಾನೂನು ಓದಲು ಹೆಚ್ಚಿನ ವಿಶ್ವವಿದ್ಯಾಲಯಗಳು ಇಂಥದ್ದೇ ವಿಷಯ ಬೇಕು ಅನ್ನುವುದಿಲ್ಲ, ಆದರೆ ಹಿಸ್ಟರಿ ಕೊಡುವ ಅಭ್ಯಾಸ ಅಲ್ಲಿ ಚೆನ್ನಾಗಿ ನೆರವಾಗುತ್ತದೆ. ಪರಿಸರ, ನಗರ ಯೋಜನೆ ಕಡೆ ಒಲವಿದ್ದರೆ ಜಿಯಾಗ್ರಫಿ.

ಹಿಸ್ಟರಿ ಆರಿಸುವ ಮುಂಚೆ ಯಾವ ಕಾಲ ಕಲಿಸುತ್ತಾರೆ ಅಂತ ವಿಚಾರಿಸಿ. ಟ್ಯೂಡರ್ ದೊರೆಗಳ ಕಾಲವೋ ರಷ್ಯಾದ ಕ್ರಾಂತಿಯೋ ಅನ್ನೋದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ.