ಸೀ, ಲುಕ್, ವಾಚ್: ಯಾವಾಗ ಯಾವುದು?

ಇಂಗ್ಲಿಷಿನ ಈ ಮೂರಕ್ಕೂ ನಮ್ಮಲ್ಲಿ ಒಂದೇ ‘ನೋಡು’, ಗೊಂದಲ ಅದಕ್ಕೇ. ಕಾರವಾರದ ಬೀಚಲ್ಲಿ ಸುಮ್ನೆ ನಡೆಯುತ್ತಿದ್ದಾಗ ದೋಣಿ ತಾನಾಗಿ ಕಣ್ಣಿಗೆ ಬಿದ್ದರೆ ‘ಸೀ’. ಬೇಕಂತಲೇ ಆ ಕಡೆ ಕಣ್ಣು ಹಾಯಿಸಿದರೆ ‘ಲುಕ್’, ಆದರೆ ಏನನ್ನು ಅಂತ ಹೇಳುವಾಗ ಜೊತೆಗೆ ‘ಅಟ್’ ಬೇಕೇ ಬೇಕು, ‘ಲುಕ್ ದ ಬೋಟ್’ ತಪ್ಪು, ನಾನೂ ಕಾಲೇಜು ಮುಗಿಯುವವರೆಗೆ ಹಾಗೇ ಬರೆದವನು. ಮೀನುಗಾರರು ಸೇರಿ ಎಳೆಯುವ ದೊಡ್ಡ ರಂಪಣಿ ಬಲೆ ದಡಕ್ಕೆ ಬರುವವರೆಗೆ ನಿಂತು ನೋಡಿದಿರಾ? ಅದು ‘ವಾಚ್’. ಹಾಗಾಗಿ ರಾತ್ರಿಯಿಡೀ ಕೂತು ನೋಡುವ ಯಕ್ಷಗಾನಕ್ಕೆ, ಕ್ರಿಕೆಟ್‌ಗೆ, ಟಿವಿಗೆ ‘ವಾಚ್’ ಸರಿ. ಸಿನಿಮಾ ಥಿಯೇಟರಲ್ಲಾದರೆ ‘ಸೀ’, ‘ವಾಚ್’ ಎರಡೂ ನಡೆಯುತ್ತೆ, ಮೊಬೈಲಲ್ಲಾದರೆ ‘ವಾಚ್’ ವಾಸಿ. ಶಿರಸಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದೆ ಅನ್ನೋಕೆ ‘ಸೀ’ ಹಾಕಿ. ಅಲ್ಲಿ ‘ವಾಚ್’ ಅಂದರೆ ಪಾಪ, ಡಾಕ್ಟರ ಮೇಲೆ ಕಣ್ಣಿಟ್ಟು ಕೂತ ಹಾಗಾಗುತ್ತೆ, ಅಲ್ವಾ?