ಡಬಲ್‌ವೈಡ್ ಮನೆಯಲ್ಲಿ ಏಳು ವರ್ಷ: ಕೊಳ್ಳುವ ಮುಂಚೆ ಬಗ್ಗಿ ನೋಡಿ

ಊಟಕ್ಕೆ ಬಂದ ಕನ್ನಡದವರೆಲ್ಲ ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ: "ಇದು ಮೊಬೈಲ್ ಹೋಮ್ ಅಲ್ವಾ?" ನಾರ್ತ್ ಕೆರೊಲಿನಾದ ಹಳ್ಳಿಗಾಡಿನಲ್ಲಿ ಒಂದೆಕರೆ ಜಾಗ ಕೊಂಡು, ಕಾರ್ಖಾನೆಯಿಂದ ಎರಡು ಭಾಗವಾಗಿ ಬಂದು ಕೂಡುವ, 28ಕ್ಕೆ 56 ಅಡಿಯ ಡಬಲ್‌ವೈಡ್ ಕೂರಿಸಿ ಏಳು ವರ್ಷವಾಯಿತು. ಅಲ್ಲ, ಮೊಬೈಲ್ ಹೋಮ್ ಅನ್ನುವುದು 1976ರ ಜೂನ್ 15ಕ್ಕೆ ಮುಂಚೆ ಕಟ್ಟಿದ್ದಕ್ಕೆ. ಅಂದು ಜಾರಿಗೆ ಬಂದ ಹಡ್ (ಅಮೆರಿಕದ ವಸತಿ ಇಲಾಖೆ) ಕೇಂದ್ರ ನಿಯಮದಂತೆ ಕಾರ್ಖಾನೆಯಲ್ಲಿ ತಯಾರಾದರೆ ಅದು ಮ್ಯಾನುಫ್ಯಾಕ್ಚರ್ಡ್ ಹೋಮ್. ಚಕ್ರ ಬಿಚ್ಚಿದರೂ ಕೆಳಗಿನ ಉಕ್ಕಿನ ಚಾಸಿ ಮನೆಯ ಜೊತೆಗೇ ಇರುತ್ತದೆ. ಮಾಡ್ಯುಲರ್ ಮನೆಯೂ ಕಾರ್ಖಾನೆಯಲ್ಲೇ ಹುಟ್ಟಿದ್ದು. ಆದರೆ ಅದಕ್ಕೆ ಜಾಗದಲ್ಲೇ ಕಟ್ಟುವ ಮನೆಗಳಿಗಿರುವ ರಾಜ್ಯದ ಕಟ್ಟಡ ನಿಯಮವೇ ಅನ್ವಯ, ಕೂರಲು ಕಾಯಂ ಪಾಯ ಬೇಕು.

ನನಗೆ ಮಾರಿದವನು ಬಾಯ್ತುಂಬ "ಮಾಡ್ಯುಲರ್" ಅಂತಲೇ ಹೇಳಿದ್ದ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಕೆಂಪು ತಗಡಿನ ನಂಬರು ಕೇಳಿದರು. ಯಾವ ತಗಡು? ಹೊರಗೋಡೆಯ ಮೂಲೆಯಲ್ಲಿ ಅಂಗೈಗಿಂತ ಚಿಕ್ಕದೊಂದು ಹಡ್ ತಗಡು, ಎರಡು ಭಾಗಕ್ಕೂ ಒಂದೊಂದು. ಅದಿದ್ದರೆ ಅದು ಮಾಡ್ಯುಲರ್ ಅಲ್ಲ, ವಾದವೇ ಬೇಡ. ಕಿತ್ತುಹೋದರೆ ಹೊಸ ತಗಡು ಸಿಗುವುದಿಲ್ಲ, ದೃಢೀಕರಣ ಪತ್ರ ಅಷ್ಟೇ. ಬಣ್ಣ ಹೊಡೆಸುವಾಗ ಜೋಪಾನ.

ಈ ಒಂದು ತಗಡಿನಿಂದ ಸಾಲದ ಲೆಕ್ಕವೇ ಬದಲಾಯಿತು. ತಗಡಿರುವ ಮನೆಗೆ ಕಾರಿಗಿದ್ದಂತೆ ಟೈಟಲ್, ಅಂದರೆ ಒಡೆತನದ ಪತ್ರ ಇರುತ್ತದೆ. ಅದನ್ನು ಚರಾಸ್ತಿಯಾಗಿಯೇ ಇಟ್ಟರೆ ಚಾಟೆಲ್ ಸಾಲ: ಬಡ್ಡಿ ಜಾಸ್ತಿ, ಅವಧಿ ಕಮ್ಮಿ. ಜಾಗ ನನ್ನದೇ ಆದ್ದರಿಂದ ಟೈಟಲ್ ವಾಪಸು ಕೊಟ್ಟು, ಕೌಂಟಿಯಲ್ಲಿ ನೋಂದಾಯಿಸಿ, ಸ್ಥಿರಾಸ್ತಿ ಮಾಡಿಕೊಂಡೆ. ಬಾಡಿಗೆ ಜಾಗದ ಪಾರ್ಕಿನಲ್ಲಿ ಮನೆ ಇಟ್ಟವರಿಗೆ ಈ ದಾರಿ ಕಷ್ಟ. ಮನೆ ನಿಮ್ಮದು, ನೆಲ ಇನ್ನೊಬ್ಬರದು, ಬಾಡಿಗೆ ಏರಿದರೂ ಮನೆ ಎತ್ತಿಕೊಂಡು ಹೋಗುವುದು ಹೇಳಿದಷ್ಟು ಸುಲಭವಲ್ಲ.

ಇನ್ನು ವಾಸದ ಮಾತು. ಎರಡು ಭಾಗ ಕೂಡುವ ಜಾಗಕ್ಕೆ ಇಲ್ಲಿ ಮ್ಯಾರೇಜ್ ಲೈನ್ ಅನ್ನುತ್ತಾರೆ. ಹೆಸರಿಗೆ ತಕ್ಕಂತೆ ಎರಡನೇ ವರ್ಷವೇ ಬಿರುಕು ಕಾಣಿಸಿತು, ಹಜಾರದ ಛಾವಣಿಯಲ್ಲಿ ಕೂದಲೆಳೆಯಷ್ಟು. ಆಮೇಲೆ ಮಲಗುವ ಕೋಣೆಯ ಬಾಗಿಲು ಕಚ್ಚಿಕೊಂಡಿತು. ತಪ್ಪು ಬಾಗಿಲದಲ್ಲ, ಮಣ್ಣಿನದು. ಈ ಕಡೆಯ ಕೆಂಪು ಜೇಡಿ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಕೂರಿಸಿದವರು ಮನೆ ಸುತ್ತ ನೀರು ಹರಿದುಹೋಗುವ ಹಾಗೆ ಇಳಿಜಾರು ಕೊಟ್ಟಿರಲಿಲ್ಲ, ಹಿಂದಿನ ಸಾಲಿನ ಕಾಂಕ್ರೀಟ್ ಬ್ಲಾಕುಗಳು ಒಂದಿಷ್ಟು ಕುಸಿದಿದ್ದವು. ಜಾಕ್ ಕೊಟ್ಟು, ರಸಮಟ್ಟ ಹಿಡಿದು, ಬೆಣೆ ಹೊಡೆದ ಮೇಲೆ ಬಾಗಿಲು ತಾನಾಗಿ ಹಾಕಿಕೊಂಡಿತು. ಅಂದಿನಿಂದ ವರ್ಷಕ್ಕೊಮ್ಮೆ ಟಾರ್ಚ್ ಹಿಡಿದು ನಾನೇ ಮನೆಯಡಿಗೆ ನುಸುಳುತ್ತೇನೆ. ಕೊಳಾಯಿ ರಿಪೇರಿಯವನು ನೆಲದಡಿಯ ಪೈಪುಗಳನ್ನು ಮುಚ್ಚುವ ಕೆಳಹೊದಿಕೆ ಹರಿದು ಹಾಗೇ ಬಿಟ್ಟುಹೋಗಿದ್ದು ಸಿಕ್ಕಿದ್ದೂ ಹಾಗೆಯೇ. ಆ ಚಳಿಗಾಲ ಪೈಪು ಹೆಪ್ಪುಗಟ್ಟದೆ ಉಳಿದದ್ದು ಪುಣ್ಯ.

ನೆಲ ಟೊಳ್ಳು. ಅಮ್ಮ ಬಂದಿದ್ದಾಗ ಗ್ರೈಂಡರ್ ಹಾಕಿದರೆ ಪಾತ್ರೆಗಳೆಲ್ಲ ತಾಳ ಹಾಕುತ್ತಿದ್ದವು. ಗೋಡೆ ವಿನೈಲ್ ಹೊದಿಸಿದ ಜಿಪ್ಸಂ ಹಲಗೆ, ಕೂಡುವಲ್ಲಿ ಪಟ್ಟಿ. ನೋಡಲು ಅಷ್ಟಕ್ಕಷ್ಟೆ, ಒಗ್ಗರಣೆಯ ಜಿಡ್ಡು ಮಾತ್ರ ಒರೆಸಿದರೆ ಹೋಗುತ್ತದೆ.

ಸುಂಟರಗಾಳಿಯ ಎಚ್ಚರಿಕೆ ಬಂದರೆ ಚೀಲ ಎತ್ತಿಕೊಂಡು ಹೊರಡುತ್ತೇವೆ. ಮನೆಯನ್ನು ನೆಲಕ್ಕೆ ಹಿಡಿದಿಡುವ ಆಂಕರ್ ಬಿಗಿದಿದ್ದರೂ ಇಂಥ ಮನೆಯಲ್ಲಿ ಕೂರಬೇಡಿ ಅಂತ ಹವಾಮಾನ ಇಲಾಖೆಯೇ ಹೇಳುತ್ತದೆ. ಇನ್ನೊಂದು, 1992ರ ಆಂಡ್ರೂ ಚಂಡಮಾರುತದ ಪಾಠದಿಂದ 1994ರಲ್ಲಿ ಗಾಳಿಯ ನಿಯಮ ಬಿಗಿಯಾಯಿತು. ಒಳನಾಡಿನ 1ನೇ ಗಾಳಿ ವಲಯಕ್ಕೆ ಕಟ್ಟಿದ ಮನೆಯನ್ನು ಕರಾವಳಿಯ 2ನೇ ವಲಯದಲ್ಲಿ ಕೂರಿಸುವಂತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯದು ಕೊಳ್ಳುವವರು, ಯಾವ ವಲಯಕ್ಕೆ ಕಟ್ಟಿದ್ದೆಂದು ತಿಳಿಯಲು ಮನೆಯೊಳಗೆ ಅಂಟಿಸಿರುವ ಡೇಟಾ ಪ್ಲೇಟ್ ಓದಿಕೊಳ್ಳಿ.

ಗೆಳೆಯನದು ಮಾಡ್ಯುಲರ್. ಅವನ ಬಡಾವಣೆಯ ಕರಾರಿನಲ್ಲಿ ನನ್ನಂಥ ಮನೆಗೆ ಪ್ರವೇಶವೇ ಇಲ್ಲ, ಅವನದಕ್ಕೆ ಅಡ್ಡಿಯಿಲ್ಲ. ಪಾಯ, ಕ್ರೇನ್, ಕೂಡಿಸುವ ಕೂಲಿ ಸೇರಿ ಅವನಿಗೆ ಬಹಳ ಹೆಚ್ಚು ಬಿತ್ತು. ಅವನ ಬಾಗಿಲುಗಳು ಮಾತ್ರ ಇವತ್ತಿಗೂ ಕಚ್ಚಿಲ್ಲ.

ಐದಕ್ಕೆ ಮೂರೂವರೆ ನಕ್ಷತ್ರ. ಸ್ವಂತ ಜಾಗವಿದ್ದರೆ ಮತ್ತೆ ಇದನ್ನೇ ಕೊಳ್ಳುತ್ತೇನೆ, ಆದರೆ ಕೂರಿಸುವ ದಿನ ರಜೆ ಹಾಕಿ ಪಕ್ಕದಲ್ಲೇ ನಿಂತಿರುತ್ತೇನೆ.