ಎನ್‌ಎಸ್‌ಆರ್‌ಎಲ್ ಹ್ಯಾಷ್ ಪಟ್ಟಿ: ಜೊಳ್ಳು ತೂರಲು ಸರಿ, ಕಳ್ಳನನ್ನು ಹಿಡಿಯಲು ಅಲ್ಲ

ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ನಿಂದ ಮನೆಯವರ ಫೋಟೋ ಹುಡುಕಬೇಕಿತ್ತು. ಡಿಸ್ಕ್ ಜಾಲಾಡುವ ಅಟಾಪ್ಸಿ ಅನ್ನೋ ಪ್ರೋಗ್ರಾಂ ಹಾಕಿ ನೋಡಿದರೆ ರಾಶಿ ರಾಶಿ ಫೈಲು, ಜಾಸ್ತಿ ಪಾಲು ಸಾಫ್ಟ್‌ವೇರ್‌ಗಳ ಜೊತೆ ಬರುವ ಡಿಎಲ್‌ಎಲ್, ಐಕಾನ್, ಫಾಂಟ್, ಹೆಲ್ಪ್ ಫೈಲು. ಒಂದೊಂದೇ ತೆರೆದು ನೋಡೋಕೆ ಆಗುತ್ತಾ?

ಆಗ ನೆನಪಾಗಿದ್ದು ಎನ್‌ಎಸ್‌ಆರ್‌ಎಲ್, ಅಂದರೆ ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ನಿಸ್ಟ್ ಸಾಫ್ಟ್‌ವೇರ್‌ಗಳನ್ನು ಕೂಡಿಟ್ಟು, ಅವುಗಳ ಒಂದೊಂದು ಫೈಲಿನ ಹ್ಯಾಷ್ (ಒಳಗಿರುವುದನ್ನು ಲೆಕ್ಕ ಹಾಕಿ ಬರುವ, ಬೆರಳಚ್ಚಿನಂಥ ಸಂಖ್ಯೆ) ತೆಗೆದು ಪಟ್ಟಿ ಮಾಡಿ ಪುಕ್ಕಟೆ ಕೊಡುತ್ತದೆ. ಮೂರು ತಿಂಗಳಿಗೊಮ್ಮೆ ಹೊಸ ಪಟ್ಟಿ. ಪಟ್ಟಿಗೆ ಹೊಂದುವ ಫೈಲುಗಳನ್ನು ಅಟಾಪ್ಸಿಯಲ್ಲಿ ಮುಚ್ಚಿಟ್ಟರೆ ಉಳಿದದ್ದು ಮಾತ್ರ ನೋಡಿದರಾಯಿತು. ಫೈಲಿನ ಹೆಸರು ಬದಲಾದರೂ ಹ್ಯಾಷ್ ಬದಲಾಗಲ್ಲ, ಒಳಗೆ ಒಂದು ಬಿಟ್ ಬದಲಾದರೆ ಮಾತ್ರ ಪೂರ್ತಿ ಬೇರೆ ಆಗುತ್ತದೆ. ಎಕ್ಸ್‌ಪಿಯ ಆ ಹಸಿರು ಗುಡ್ಡದ ವಾಲ್‌ಪೇಪರ್ ತಾನಾಗೇ ಬದಿಗೆ ಹೋಯಿತು, ಆದರೆ ಮಗಳು ಚಿಕ್ಕವಳಿದ್ದಾಗ ಪೇಂಟ್‌ನಲ್ಲಿ ಅದೇ ಗುಡ್ಡಕ್ಕೆ ಮೀಸೆ ಬರೆದು ಸೇವ್ ಮಾಡಿದ್ದು ಹಾಗೇ ಉಳಿಯಿತು. ನನಗೆ ಬೇಕಾಗಿದ್ದೂ ಅದೇ!

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಪೂರ್ತಿ ಪಟ್ಟಿ ಇಳಿಸಲು ಹೋಗಿ ಡಿಸ್ಕ್ ತುಂಬಿಸಿಕೊಂಡೆ. ಮಿನಿಮಲ್ ಅಂತ ಇನ್ನೊಂದಿದೆ, ಅದೇ ಸಾಕು. ಹಳೆಯ ಟ್ಯುಟೋರಿಯಲ್‌ಗಳಲ್ಲಿ ಹೇಳುವ ಟೆಕ್ಸ್ಟ್ ಫೈಲನ್ನೂ ಹುಡುಕಬೇಡಿ, ಈಗ ಬರುವುದು ಎಸ್‌ಕ್ಯುಲೈಟ್ ಡೇಟಾಬೇಸ್. ಅಟಾಪ್ಸಿ ಹೋಲಿಸುವುದು ಎಂಡಿ5 ಅನ್ನೋ ಬಗೆಯ ಹ್ಯಾಷನ್ನು, ಹಾಗಾಗಿ ಡೇಟಾಬೇಸ್‌ಗೆ ಒಂದು ಸಣ್ಣ ಕ್ವೆರಿ ಕೊಟ್ಟು ಆ ಕಾಲಂ ಮಾತ್ರ ಹೊರತೆಗೆದುಕೊಂಡೆ.

ಎಂಡಿ5 ಮುರಿದುಬಿದ್ದಿದೆಯಲ್ಲ, ಬೇರೆ ಬೇರೆ ಎರಡು ಫೈಲಿಗೆ ಒಂದೇ ಹ್ಯಾಷ್ ಬರಿಸಬಹುದಲ್ಲ ಅಂತ ಕೇಳುವವರಿಗೆ: ಹೌದು, 2004ರಲ್ಲೇ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆ ಸೇರಿ ಎಸ್‌ಎಚ್‌ಎ-1 ಅನ್ನೋ ಇನ್ನೊಂದು ಬಗೆಯ ಹ್ಯಾಷ್‌ಗೂ ಅದೇ ಗತಿ ತೋರಿಸಿದರು. ಆದರೆ ಒಂದೇ ಹ್ಯಾಷ್ ಬರುವ ಎರಡು ಫೈಲನ್ನು ಹೊಸದಾಗಿ ಹುಟ್ಟಿಸುವುದು ಬೇರೆ, ಪಟ್ಟಿಯಲ್ಲಿ ಆಗಲೇ ಇರುವ ಫೈಲಿಗೆ ಅವಳಿ ಹುಟ್ಟಿಸುವುದು ಬೇರೆ, ಅದು ತುಂಬಾ ಕಷ್ಟ. ಮನೆಯ ಫೋಟೋ ಹುಡುಕಲು ಎಂಡಿ5 ಧಾರಾಳ ಸಾಕು. ಕೋರ್ಟು ಕಚೇರಿಯ ವಿಷಯವಾದರೆ ಪಟ್ಟಿಯಲ್ಲಿ ಇನ್ನೂ ಗಟ್ಟಿಯಾದ ಎಸ್‌ಎಚ್‌ಎ-256 ಹ್ಯಾಷ್ ಕೂಡ ಇದೆ, ಅದನ್ನೇ ಹಿಡಿಯಿರಿ.

ಜನ ಎಡವುವುದು ಬೇರೆ ಕಡೆ. ಪಟ್ಟಿಯಲ್ಲಿದೆ ಅಂದರೆ 'ಗೊತ್ತಿರುವ ಫೈಲು' ಅಷ್ಟೇ, 'ಒಳ್ಳೆಯ ಫೈಲು' ಅಲ್ಲ. ಹ್ಯಾಕಿಂಗ್ ಟೂಲ್‌ಗಳೂ ಅದರಲ್ಲಿವೆ. ವೈರಸ್ ಹುಡುಕುವವರು ಸುಮ್ನೆ ಎಲ್ಲ ಮುಚ್ಚಿಟ್ಟರೆ ಕಳ್ಳನೂ ಜೊಳ್ಳಿನ ಜೊತೆ ಹಾರಿಹೋಗುತ್ತಾನೆ. ಅದೇ ರೀತಿ, ಪಟ್ಟಿಯಲ್ಲಿಲ್ಲ ಅಂದ ಮಾತ್ರಕ್ಕೆ ಅನುಮಾನ ಪಡಬೇಕಿಲ್ಲ. ನಮ್ಮೂರಿನ ಹುಡುಗ ಅಂಗಡಿಗೆ ಬರೆದುಕೊಟ್ಟ ಬಿಲ್ಲಿಂಗ್ ಪ್ರೋಗ್ರಾಂ ನಿಸ್ಟ್‌ಗೆ ಹೇಗೆ ಗೊತ್ತಿರಬೇಕು, ಅಲ್ವಾ?

5ಕ್ಕೆ 4 ಕೊಡುತ್ತೇನೆ. ಒಂದೆರಡು ಫೈಲ್ ಮಾತ್ರ ನೋಡಬೇಕಿದ್ದರೆ ಇಷ್ಟೆಲ್ಲ ಇಳಿಸಿಕೊಳ್ಳಬೇಡಿ, ಲಕ್ಸೆಂಬರ್ಗ್‌ನ ಕಂಪ್ಯೂಟರ್ ಸುರಕ್ಷತಾ ತಂಡ ಸಿಐಆರ್‌ಸಿಎಲ್ ನಡೆಸುವ ಹ್ಯಾಷ್‌ಲುಕಪ್ ಆನ್‌ಲೈನ್ ಸೇವೆಯಲ್ಲಿ ಹ್ಯಾಷ್ ಹಾಕಿ ನೋಡಿ. ಅದೂ ಪುಕ್ಕಟೆ.